ನಳಿಗೆ ಗಿಡ್ಡ ಆದ್ರೆ ಜೈಲು ಯಾಕೆ? ಅಮೆರಿಕದ ಶಾರ್ಟ್ ಬ್ಯಾರೆಲ್ ಕಾನೂನಿನ ಹಿಂದಿನ ತರ್ಕ ಬಿಡಿಸಿ ನೋಡೋದು ಹೇಗೆ

ಅಮೆರಿಕದ ಗನ್ ಕಾನೂನು ಓದೋಕೆ ಕೂತವ್ರು ಸುಮಾರು ಜನ ಒಂದೇ ಜಾಗದಲ್ಲಿ ಬಂದು ನಿಂತುಬಿಡ್ತಾರೆ. 4 ಇಂಚು ನಳಿಗೆ ಇರೋ ಪಿಸ್ತೂಲನ್ನ ಅಂಗಡೀಲಿ ಬ್ಯಾಕ್‌ಗ್ರೌಂಡ್ ಚೆಕ್ ಮುಗಿಸಿ ತಗೋಬಹುದು, 16 ಇಂಚು ನಳಿಗೆ ಇರೋ ರೈಫಲ್ಲೂ ಹಾಗೇ ಸಿಗತ್ತೆ, ಆದ್ರೆ ಅದೇ ರೈಫಲ್‌ನ ನಳಿಗೆ 15 ಇಂಚು ಇದ್ದು ಫೆಡರಲ್ ಸರ್ಕಾರದ ಹತ್ರ ರಿಜಿಸ್ಟರ್ ಆಗಿಲ್ಲ ಅಂದ್ರೆ 10 ವರ್ಷದ ತನಕ ಜೈಲು. ಚಿಕ್ಕದಕ್ಕೂ ತೊಂದ್ರೆ ಇಲ್ಲ, ದೊಡ್ಡದಕ್ಕೂ ತೊಂದ್ರೆ ಇಲ್ಲ, ನಡುವಿನದಕ್ಕೆ ಮಾತ್ರ ಶಿಕ್ಷೆ. ಇದನ್ನ ನೋಡಿದ ಕೂಡ್ಲೆ ಕೆಲವರು ಕಾನೂನು ಮಾಡಿದವ್ರಿಗೆ ಗನ್ ಬಗ್ಗೆ ಏನೂ ಗೊತ್ತಿರಲಿಲ್ಲ ಅಂತ ತಳ್ಳಿಹಾಕ್ತಾರೆ, ಇನ್ನು ಕೆಲವರು ಅಪಾಯಕಾರಿ ಅಂತಾನೇ ಮಾಡಿರ್ತಾರೆ ಬಿಡಿ ಅಂತ ಮುಂದೆ ಹೋಗ್ತಾರೆ. ಎರಡೂ ಸರಿ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಇದರ ಹಿಂದೆ ತರ್ಕ ಇದೆ, ಒಂದಲ್ಲ ಮೂರ್ನಾಲ್ಕಿವೆ, ಆದ್ರೆ ಅವು ಒಂದರ ಮೇಲೊಂದು ಕೂತು ಗೋಜಲಾಗಿವೆ. ಒಂದೊಂದಾಗಿ ಬಿಡಿಸ್ಕೊಂಡು ಹೋಗೋದು ಹೇಗೆ ಅಂತ ಇಲ್ಲಿ ಬರೀತಿದ್ದೀನಿ.

ಮೊದಲು ಅಳತೆ, ಡೆಫಿನಿಷನ್ ಕೈಗೆ ತಗೊಳ್ಳಿ

ವಾದಕ್ಕೆ ಇಳಿಯೋ ಮುಂಚೆ ಕಾನೂನು ನಿಜವಾಗ್ಲೂ ಏನ್ ಹೇಳತ್ತೆ ಅಂತ ತಿಳ್ಕೊಬೇಕು. ಈ ಕಾನೂನಿನ ಹೆಸರು ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್, ಚಿಕ್ಕದಾಗಿ ಎನ್‌ಎಫ್‌ಎ, 1934ರದ್ದು. ರೈಫಲ್ ಆದ್ರೆ ನಳಿಗೆ 16 ಇಂಚಿಗಿಂತ ಕಮ್ಮಿ ಇರಬಾರದು, ಶಾಟ್‌ಗನ್ ಆದ್ರೆ 18 ಇಂಚಿಗಿಂತ ಕಮ್ಮಿ ಇರಬಾರದು, ಇವೆರಡರಲ್ಲಿ ಯಾವುದನ್ನಾದ್ರೂ ಕತ್ತರಿಸಿ ಬದಲಾಯಿಸಿ ಮಾಡಿದ ಆಯುಧದ ಒಟ್ಟು ಉದ್ದ 26 ಇಂಚಿಗಿಂತ ಕಮ್ಮಿ ಆಗಬಾರದು. ಆದ್ರೆ ಅದೂ ಪೂರ್ತಿ ನಿಷೇಧ ಅಲ್ಲ, ಇದನ್ನ ಗಮನಿಸಿ. ಈ ಗೆರೆ ಒಳಗಿನ ಗನ್ ಬೇಕು ಅಂದ್ರೆ ಮುಂಚೇನೇ ಅರ್ಜಿ ಹಾಕಿ, ಬೆರಳಚ್ಚು, ಫೋಟೋ ಕೊಟ್ಟು, ಒಪ್ಪಿಗೆ ಬರೋ ತನಕ ಕಾದು, ರಿಜಿಸ್ಟರ್ ಮಾಡಿಸ್ಕೊಂಡು ಇಟ್ಕೊಬಹುದು. ಇದನ್ನ ನೋಡ್ಕೊಳ್ಳೋದು ಎಟಿಎಫ್, ಅಂದ್ರೆ ಮದ್ಯ, ತಂಬಾಕು, ಗನ್, ಸ್ಫೋಟಕಗಳ ವಿಷಯ ನೋಡೋ ಫೆಡರಲ್ ಏಜೆನ್ಸಿ. ಜೊತೆಗೆ ಕೆಲವು ರಾಜ್ಯಗಳು ತಮ್ಮದೇ ಕಾನೂನಲ್ಲಿ ಪೂರ್ತಿ ನಿಷೇಧ ಹಾಕಿವೆ, ಅದು ಬೇರೆ ಮಾತು.

ಇನ್ನೂ ಒಂದು ಸೂಕ್ಷ್ಮ ಇದೆ, ಇದನ್ನ ಬಿಟ್ರೆ ಮುಂದಿನದ್ಯಾವುದೂ ಅರ್ಥ ಆಗಲ್ಲ. ಕಾನೂನಿನ ಪ್ರಕಾರ ರೈಫಲ್ ಅಂದ್ರೇನು, ಶಾಟ್‌ಗನ್ ಅಂದ್ರೇನು? ಎರಡಕ್ಕೂ ಒಂದೇ ಗುರುತು: ಹೆಗಲಿಗೆ ಒತ್ತಿಟ್ಟು ಹೊಡೆಯೋಕೆ ಅಂತ ಮಾಡಿದ ಬಂದೂಕು. ನಳಿಗೆ ಒಳಗೆ ಸುರುಳಿ ಗೀರು ಇದ್ರೆ ರೈಫಲ್, ನುಣುಪಾಗಿದ್ರೆ ಶಾಟ್‌ಗನ್. ಒಂದೇ ಕೈಯಲ್ಲಿ ಹಿಡಿದು ಹೊಡೆಯೋಕೆ ಅಂತ ಮಾಡಿದ್ರೆ ಅದು ಪಿಸ್ತೂಲು, ಅದಕ್ಕೆ ಈ ನಳಿಗೆ ಗೆರೆ ಅನ್ವಯ ಆಗಲ್ಲ. ಅಂದ್ರೆ ಎರಡು ಗನ್‌ಗಳ ನಳಿಗೆ, ಗುಂಡು, ಯಂತ್ರ ಎಲ್ಲಾ ಒಂದೇ ಇದ್ರೂ ಹಿಂದಗಡೆ ಹೆಗಲಿಗೆ ಒತ್ತೋ ಬಟ್ ಇದೆಯಾ ಇಲ್ವಾ ಅನ್ನೋದರ ಮೇಲೆ ಒಂದು ಸಾದಾ ಪಿಸ್ತೂಲು, ಇನ್ನೊಂದು ರಿಜಿಸ್ಟರ್ ಮಾಡಿಸ್ಬೇಕಾದ ಶಾರ್ಟ್ ಬ್ಯಾರೆಲ್ ರೈಫಲ್. ಮುಂದೆ ಕೋರ್ಟಲ್ಲಿ ನಡೆದ ಜಗಳಗಳಲ್ಲಿ ಎಷ್ಟೋ ಈ ಒಂದು ವಾಕ್ಯದಿಂದಾನೇ ಹುಟ್ಟಿದ್ದು.

ಅಳೆಯೋ ರೀತಿಗೂ ನಿಯಮ ಇದೆ. ಬೋಲ್ಟ್ (ನಳಿಗೆಯ ಹಿಂದಿನ ತುದಿ ಮುಚ್ಚೋ ಭಾಗ) ಮುಚ್ಚಿ, ಅದರ ಮುಖದಿಂದ ನಳಿಗೆ ಬಾಯಿಯ ತನಕ ಅಳೀತಾರೆ, ಬಾಯಿಗೆ ಸಿಕ್ಕಿಸಿರೋ ಬಿಡಿಭಾಗ ತೆಗೆಯೋಕೆ ಆಗದ ಹಾಗೆ ಶಾಶ್ವತವಾಗಿ ಕೂಡಿಸಿದ್ರೆ ಮಾತ್ರ ಅದೂ ಲೆಕ್ಕಕ್ಕೆ ಬರತ್ತೆ. ಕಾಲು ಇಂಚು ಕಮ್ಮಿ ಆದ್ರೂ ಕಮ್ಮಿಯೇ.

ಈಗ 1934ಕ್ಕೆ ಹೋಗಿ, ಬಿಲ್‌ನ ಮೊದಲ ಕರಡು ಹುಡುಕಿ

ಯಾವ ಕಾನೂನೇ ಆಗ್ಲಿ, ಈಗಿರೋ ರೂಪ ನೋಡಿದ್ರೆ ಅರ್ಧ ಮಾತ್ರ ಗೊತ್ತಾಗತ್ತೆ, ಮೊದಲು ಏನಾಗಬೇಕು ಅಂತ ಬರೆದಿದ್ರು, ಯಾವುದು ಉದುರಿಹೋಯ್ತು ಅಂತ ನೋಡಿದ್ರೆ ಮಿಕ್ಕ ಅರ್ಧ ಸಿಗತ್ತೆ. ಈ ಕಾನೂನಲ್ಲಂತೂ ಉತ್ತರದ ಮುಖ್ಯ ಭಾಗ ಇರೋದೇ ಉದುರಿಹೋದ ಕಡೆ.

ಆ ಕಾಲ ಹೇಗಿತ್ತು ಅಂದ್ರೆ, 1920ರಿಂದ 1933ರ ತನಕ ದೇಶದಲ್ಲಿ ಮದ್ಯ ನಿಷೇಧ ಇತ್ತು, ಕಳ್ಳ ಸಾರಾಯಿ ದಂಧೆಯ ಗ್ಯಾಂಗ್‌ಗಳು ಬೀದಿಯಲ್ಲೇ ಹೊಡೆದಾಡ್ತಿದ್ವು. 1929ರ ಫೆಬ್ರವರಿ 14ರಂದು ಶಿಕಾಗೋದ ಒಂದು ಗ್ಯಾರೇಜಲ್ಲಿ 7 ಜನರನ್ನ ಗೋಡೆಗೆ ನಿಲ್ಲಿಸಿ ಥಾಮ್ಸನ್ ಸಬ್‌ಮಷಿನ್ ಗನ್, ಶಾಟ್‌ಗನ್ ಹಿಡಿದು ಕೊಂದುಹಾಕಿದ್ರು. 1933ರ ಫೆಬ್ರವರಿಯಲ್ಲಿ ಮಯಾಮಿಯಲ್ಲಿ ಅಧ್ಯಕ್ಷರಾಗಿ ಗೆದ್ದು ಇನ್ನೂ ಅಧಿಕಾರ ವಹಿಸ್ಕೊಳ್ಳದಿದ್ದ ರೂಸ್‌ವೆಲ್ಟ್ ಮೇಲೆ ಒಬ್ಬ ರಿವಾಲ್ವರ್‌ನಿಂದ ಗುಂಡು ಹಾರಿಸಿದ, ರೂಸ್‌ವೆಲ್ಟ್ ಉಳಿದ್ರು, ಪಕ್ಕದಲ್ಲಿದ್ದ ಶಿಕಾಗೋ ಮೇಯರ್ ಆಂಟನ್ ಸರ್ಮ್ಯಾಕ್ ಮುಂದಿನ ತಿಂಗಳು ತೀರಿಕೊಂಡ್ರು. ಬ್ಯಾಂಕ್ ದರೋಡೆಕೋರರು ಕಾರಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಾರ್ತಿದ್ರು, ರಾಜ್ಯದ ಪೊಲೀಸರು ಗಡಿಯಲ್ಲಿ ನಿಂತು ನೋಡ್ಬೇಕಿತ್ತು. ಬಾನಿ ಮತ್ತು ಕ್ಲೈಡ್ ಅನ್ನೋ ದರೋಡೆಕೋರ ಜೋಡಿ ಪೊಲೀಸರ ಗುಂಡಿಗೆ ಸತ್ತಿದ್ದು 1934ರ ಮೇ 23ಕ್ಕೆ, ರೂಸ್‌ವೆಲ್ಟ್ ಎನ್‌ಎಫ್‌ಎಗೆ ಸಹಿ ಹಾಕಿದ್ದು ಜೂನ್ 26ಕ್ಕೆ, ಬ್ಯಾಂಕ್ ದರೋಡೆಕೋರ ಡಿಲಿಂಜರ್ ಸತ್ತಿದ್ದು ಜುಲೈ 22ಕ್ಕೆ. ಎಲ್ಲಾ ಅಕ್ಕಪಕ್ಕದ ದಿನಗಳು. ಆಗಿನ ಜನಕ್ಕಿದ್ದ ಭಯ ಸುಮ್ಮನೆ ಹುಟ್ಟಿದ್ದಲ್ಲ ಅನ್ನೋದು ಇದರಿಂದ ತಿಳಿಯತ್ತೆ.

ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್ ಇಲಾಖೆ ಕಾಂಗ್ರೆಸ್ಸಿಗೆ, ಅಂದ್ರೆ ಅಮೆರಿಕದ ಸಂಸತ್ತಿಗೆ, ತಂದ ಮೊದಲ ಕರಡಿನಲ್ಲಿ ಏನಿತ್ತು ಗೊತ್ತಾ? ಮಷಿನ್ ಗನ್, ಸೈಲೆನ್ಸರ್, ಗಿಡ್ಡ ಶಾಟ್‌ಗನ್, ಇವುಗಳ ಜೊತೆ ಪಿಸ್ತೂಲು ಮತ್ತು ರಿವಾಲ್ವರ್ರೂ ಇದ್ವು, ಮೈಮೇಲೆ ಬಚ್ಚಿಟ್ಕೊಳ್ಳೋಕೆ ಆಗೋ ಬೇರೆ ಯಾವ ಗನ್ ಆದ್ರೂ ಸೇರತ್ತೆ ಅಂತ ಬರೆದಿತ್ತು. ಅಂದ್ರೆ ಇಡೀ ಬಿಲ್‌ನ ಬೆನ್ನೆಲುಬು ಬಚ್ಚಿಡೋದು. ಕೋಟಿನೊಳಗೆ ಇಟ್ಕೊಂಡು ಬ್ಯಾಂಕಿಗೆ ನುಗ್ಗೋಕೆ ಆಗೋ ಆಯುಧ ಎಲ್ಲಕ್ಕೂ ತೆರಿಗೆ, ರಿಜಿಸ್ಟ್ರೇಷನ್. ಹಾಗೆ ಪಿಸ್ತೂಲಿಗೆ ಬೇಲಿ ಹಾಕಿದ್ರೆ ಮುಂದೇನಾಗತ್ತೆ ಯೋಚನೆ ಮಾಡಿ. ಪಿಸ್ತೂಲು ಸಿಗದವನು ಸಾದಾ ಬೇಟೆ ಬಂದೂಕು ತಂದು ಮುಂದೆ ಹಿಂದೆ ಕತ್ತರಿಸಿ ಪಿಸ್ತೂಲಿನಷ್ಟೇ ಚಿಕ್ಕದು ಮಾಡ್ಕೊತಾನೆ. ಅದಕ್ಕೇ ಉದ್ದನೆ ಬಂದೂಕು ಎಲ್ಲಿಗೆ ಮುಗಿಯತ್ತೆ, ಬಚ್ಚಿಡೋ ಬಂದೂಕು ಎಲ್ಲಿಂದ ಶುರು ಅಂತ ಒಂದು ಗೆರೆ ಬೇಕೇ ಬೇಕು. ನಳಿಗೆ ಉದ್ದದ ಗೆರೆಗೆ ಅರ್ಥ ಬರೋದು ಇಲ್ಲಿ.

ಆಮೇಲೆ 1934ರ ವಿಚಾರಣೆಗಳಲ್ಲಿ ಎನ್‌ಆರ್‌ಎ (ಗನ್ ಇಟ್ಕೊಳ್ಳೋರ ಪರ ಸಂಘಟನೆ) ಮತ್ತು ಇತರರು ಪಿಸ್ತೂಲನ್ನ ಸೇರಿಸೋದಕ್ಕೆ ಬಲವಾಗಿ ವಿರೋಧಿಸಿದ್ರು, ಮನೆ ಕಾಯೋಕೆ ಸಾಮಾನ್ಯ ಜನ ಪಿಸ್ತೂಲು ಇಟ್ಕೊತಾರೆ ಅಂತ, ಕೊನೆಗೆ ಪಿಸ್ತೂಲು ರಿವಾಲ್ವರ್ ಎರಡೂ ಬಿಲ್‌ನಿಂದ ಹೊರಗೆ ಹೋದ್ವು. ಗೆರೆ ಮಾತ್ರ ಉಳೀತು, ಉಳಿದಿದ್ದಲ್ದೆ ರೈಫಲ್ ಶಾಟ್‌ಗನ್ ಎರಡಕ್ಕೂ 18 ಇಂಚು ಅಂತ ಆಯ್ತು. ಕಾಯಬೇಕಾದ ಬೆಳೆಯನ್ನ ಕಿತ್ತು ಬೇಲಿಯನ್ನ ಹಾಗೇ ಬಿಟ್ಟ ಹಾಗೆ. ಶುರುವಲ್ಲಿ ಹೇಳಿದ ಒಗಟು, ಚಿಕ್ಕದೂ ಸರಿ ದೊಡ್ಡದೂ ಸರಿ ನಡುವಿನದು ತಪ್ಪು ಅನ್ನೋದು, ಹುಟ್ಟಿದ್ದು ಹೀಗೆ. ಕಾನೂನು ಬರೆದವ್ರು ದಡ್ಡರಾಗಿರಲಿಲ್ಲ, ಅವರು ಬರೆದ ಕಾನೂನು ಇಡಿಯಾಗಿ ಪಾಸ್ ಆಗಲಿಲ್ಲ ಅಷ್ಟೇ. ಈ ವಿಷಯದಲ್ಲಿ ನೀವು ಒಂದೇ ಒಂದು ಸಂಗತಿ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

ಕಾರಣಗಳನ್ನ ಬೇರೆ ಬೇರೆ ಮಾಡಿ, ಒಂದೊಂದನ್ನೂ ತೂಗಿ ನೋಡಿ

ಪಿಸ್ತೂಲು ಹೊರಗೆ ಹೋದ ಮೇಲೂ ಗೆರೆ ಉಳಿಸ್ಕೊಂಡವ್ರ ಹತ್ರ ಬೇರೆ ಕಾರಣ ಇತ್ತು. ಕಾಂಗ್ರೆಸ್ ಸಮಿತಿಯ ವರದಿ ಹೇಳಿದ್ದರ ಸಾರ ಏನಂದ್ರೆ, ತನ್ನ ರಕ್ಷಣೆಗೆ ಪಿಸ್ತೂಲು ಇಟ್ಕೊಳ್ಳೋದಕ್ಕೆ ಸಮರ್ಥನೆ ಇದೆ, ಆದ್ರೆ ಪೊಲೀಸರನ್ನ ಬಿಟ್ಟು ಬೇರೆಯವ್ರಿಗೆ ಮಷಿನ್ ಗನ್ನೋ ಕತ್ತರಿಸಿದ ಶಾಟ್‌ಗನ್ನೋ ಬೇಕಾಗೋ ಕಾರಣ ಇಲ್ಲ. ಇದು ಬಚ್ಚಿಡೋ ವಾದಕ್ಕಿಂತ ಬೇರೆ ವಾದ. ಈ ವಾದದಲ್ಲಿ ಉದ್ದ ಮುಖ್ಯ ಅಲ್ಲ, ಯಾರು ಇದನ್ನ ಯಾಕೆ ಮಾಡ್ಕೊತಾರೆ ಅನ್ನೋದು ಮುಖ್ಯ.

ಬಚ್ಚಿಡೋ ವಾದವನ್ನೇ ಮೊದಲು ತೂಗೋಣ. ಉದ್ದ ಬಂದೂಕಿನ ಗುಂಡಿನಲ್ಲಿ ಪಿಸ್ತೂಲಿನ ಗುಂಡಿಗಿಂತ ಎಷ್ಟೋ ಹೆಚ್ಚು ಶಕ್ತಿ ಇರತ್ತೆ, ಸಾಮಾನ್ಯ 9 ಎಂಎಂ ಪಿಸ್ತೂಲಿನ ಗುಂಡು 500 ಜೂಲ್ ಆಸುಪಾಸಿನ ಶಕ್ತಿ ಹೊತ್ಕೊಂಡು ಹೋದ್ರೆ 5.56 ಎಂಎಂ ರೈಫಲ್ ಗುಂಡಿನದ್ದು ಅದರ ಮೂರು ಪಟ್ಟಿಗೂ ಹೆಚ್ಚು. ಆದ್ರೆ ರೈಫಲ್ಲನ್ನ ಕೋಟಿನೊಳಗೆ ಇಟ್ಕೊಂಡು ಓಡಾಡೋಕಾಗಲ್ಲ, ದೂರದಿಂದಲೇ ಕಣ್ಣಿಗೆ ಬೀಳತ್ತೆ, ಜನ ಓಡಿಹೋಗ್ಬಹುದು, ಪೊಲೀಸರು ಎಚ್ಚರ ಆಗ್ಬಹುದು. ಪಿಸ್ತೂಲಿಗೆ ಬಚ್ಚಿಡೋ ಗುಣ ಇದೆ ಶಕ್ತಿ ಕಮ್ಮಿ, ರೈಫಲ್‌ಗೆ ಶಕ್ತಿ ಇದೆ ಬಚ್ಚಿಡೋ ಗುಣ ಇಲ್ಲ, ಎರಡನ್ನೂ ಒಂದೇ ಆಯುಧದಲ್ಲಿ ಸೇರಿಸಿದ್ರೆ ಅಪಾಯ ಕೂಡ್ಕೊಳ್ಳತ್ತೆ ಅನ್ನೋದು ಇವತ್ತು ಸರ್ಕಾರದ ಪರ ವಕೀಲರು ಮಾಡೋ ಮುಖ್ಯ ವಾದ. ಇದನ್ನ ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ.

ಆದ್ರೆ ಇಲ್ಲೊಂದು ತಪ್ಪು ಕಲ್ಪನೆ ಬಿಡ್ಬೇಕು, ನಳಿಗೆ ಗಿಡ್ಡ ಆದಷ್ಟೂ ಗನ್ನಿನ ಶಕ್ತಿ ಹೆಚ್ಚತ್ತೆ ಅನ್ನೋದು. ನಡೆಯೋದು ಉಲ್ಟಾ. ಮದ್ದು ಉರಿದು ಹುಟ್ಟೋ ಗ್ಯಾಸ್ ಗುಂಡನ್ನ ತಳ್ತಾ ಹೋಗೋದು ನಳಿಗೆ ಒಳಗೆ ಇರೋ ತನಕ ಮಾತ್ರ, ನಳಿಗೆ ಗಿಡ್ಡ ಆದ್ರೆ ತಳ್ಳೋಕೆ ಸಿಗೋ ದೂರ ಕಮ್ಮಿ, ಗುಂಡಿನ ವೇಗ ಕಮ್ಮಿ, ಗುರಿಯೂ ಕಷ್ಟ, ಉರಿಯದೆ ಉಳಿದಿದ್ದೆಲ್ಲ ಬಾಯಿಯಿಂದ ಬೆಂಕಿ, ಸದ್ದು ಆಗಿ ಹೊರಗೆ ಬರತ್ತೆ. ಶಾಟ್‌ಗನ್ ಕತ್ತರಿಸಿದ್ರೆ ಕೋಣೆ ತುಂಬಾ ಚರೆ ಹರಡತ್ತೆ ಅಂತ ಸಿನಿಮಾ ನೋಡಿ ನಂಬಿರೋರಿದ್ದಾರೆ, ಹರಡೋದು ಸ್ವಲ್ಪ ಹೆಚ್ಚತ್ತೆ, ಅಷ್ಟೊಂದಲ್ಲ. ಹಾಗಾಗಿ ಯಾರಾದ್ರೂ ಗಿಡ್ಡ ರೈಫಲ್ ಹೆಚ್ಚು ಶಕ್ತಿಶಾಲಿ ಅದಕ್ಕೇ ಕಾನೂನು ಅಂದ್ರೆ ಒಪ್ಪಬೇಡಿ. ಹಾಗೇ, ಗಿಡ್ಡ ಆದ್ರೆ ಶಕ್ತಿ ಕಮ್ಮಿ ಆಗತ್ತಲ್ಲ ಆದ್ದರಿಂದ ಕಾನೂನಿಗೆ ಅರ್ಥಾನೇ ಇಲ್ಲ ಅಂದ್ರೂ ಒಪ್ಪಬೇಡಿ, ಯಾಕಂದ್ರೆ ಕಮ್ಮಿ ಆದ ಮೇಲೂ ಅದು ಪಿಸ್ತೂಲಿಗಿಂತ ಮುಂದೇನೇ ಇರತ್ತೆ.

ಎರಡನೇದು, ಕತ್ತರಿಸೋ ಕೆಲಸಾನೇ ಒಂದು ಸೂಚನೆ ಅನ್ನೋ ವಾದ. ಬೇಟೆಯವನಿಗೆ ಉದ್ದ ನಳಿಗೆ ಬೇಕು, ಗುರಿ ಸ್ಪರ್ಧೆಯವನಿಗೂ ಬೇಕು. ಚೆನ್ನಾಗಿರೋ ಶಾಟ್‌ಗನ್ನನ್ನ ಗರಗಸ ಹಾಕಿ ಕೊಯ್ದು ಹಾಳು ಮಾಡ್ಕೊಂಡು ಬಚ್ಚಿಡೋ ಹಾಗೆ ಮಾಡ್ಕೊತಾನೆ ಅಂದ್ರೆ ಅವನ ಮನಸ್ಸಲ್ಲಿ ಏನಿದೆ? ಈ ವಾದ ಬೇರೆ ದೇಶದ ಕಾನೂನುಗಳಲ್ಲಿ ಇನ್ನೂ ಸ್ಪಷ್ಟವಾಗಿ ಕಾಣತ್ತೆ. ಕೆನಡಾದಲ್ಲಿ ರೈಫಲ್ಲೋ ಶಾಟ್‌ಗನ್ನೋ ಕೊಯ್ದು ನಳಿಗೆ 457 ಮಿಲಿಮೀಟರಿಗಿಂತ ಅಥವಾ ಒಟ್ಟು ಉದ್ದ 660 ಮಿಲಿಮೀಟರಿಗಿಂತ ಕಮ್ಮಿ ಮಾಡಿದ್ರೆ ಅದು ನಿಷೇಧಿತ ಆಯುಧ, ಅಂದ್ರೆ ಬೆರಳು ತೋರಿಸ್ತಿರೋದು ಕೊಯ್ಯೋ ಕೆಲಸದ ಕಡೆ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ 6ನೇ ಸೆಕ್ಷನ್ ಇದಕ್ಕೇ ಮೀಸಲು, ಬಂದೂಕಿನ ಲೈಸೆನ್ಸ್ ಇದ್ರೂ ನಳಿಗೆ ಗಿಡ್ಡ ಮಾಡೋಕೆ ಅಂತಾನೇ ಪ್ರತ್ಯೇಕ ಲೈಸೆನ್ಸ್ ಬೇಕು. ಬ್ರಿಟನ್ನಿನ 1968ರ ಕಾಯ್ದೆ ಶಾಟ್‌ಗನ್ ನಳಿಗೆಯನ್ನ 24 ಇಂಚಿಗಿಂತ ಕೆಳಗೆ ಕೊಯ್ಯೋದನ್ನೇ ಅಪರಾಧ ಮಾಡಿದೆ.

ಬ್ರಿಟನ್ ಬಗ್ಗೆ ಇನ್ನೊಂದು ಮಾತು ಹೇಳ್ಲೇಬೇಕು. 1996ರ ಮಾರ್ಚ್ 13ರಂದು ಡನ್‌ಬ್ಲೇನ್ ಊರಿನ ಶಾಲೆಯಲ್ಲಿ 16 ಮಕ್ಕಳು, ಒಬ್ಬ ಟೀಚರ್ ಕೊಲೆಯಾದ್ರು, ಕೊಂದವನ ಕೈಲಿದ್ದಿದ್ದು ಲೈಸೆನ್ಸ್ ಇದ್ದ ಪಿಸ್ತೂಲು, ರಿವಾಲ್ವರ್. ಅದಾದ ಮೇಲೆ 1997ರಲ್ಲಿ ಬಂದ ಕಾನೂನು ಪಿಸ್ತೂಲು ಅನ್ನೋ ಪದದ ಹಿಂದೆ ಹೋಗ್ಲಿಲ್ಲ, ಕೆಲವು ವಿನಾಯಿತಿ ಬಿಟ್ಟು 30 ಸೆಂಟಿಮೀಟರಿಗಿಂತ ಕಮ್ಮಿ ನಳಿಗೆ ಅಥವಾ 60 ಸೆಂಟಿಮೀಟರಿಗಿಂತ ಕಮ್ಮಿ ಒಟ್ಟು ಉದ್ದ ಇರೋ ಬಂದೂಕು ನಿಷೇಧ ಅಂತು. ಪಿಸ್ತೂಲು, ಕೊಯ್ದ ಬಂದೂಕು, ಗಿಡ್ಡ ರೈಫಲ್ ಎಲ್ಲಾ ಒಂದೇ ಗೆರೆಯೊಳಗೆ. ನೀವು ಆ ನೀತಿಯನ್ನ ಒಪ್ತೀರೋ ಬಿಡ್ತೀರೋ, ಬಚ್ಚಿಡೋ ತರ್ಕ ಪೂರ್ತಿಯಾಗಿ ಜಾರಿಗೆ ಬಂದ್ರೆ ಹೇಗಿರತ್ತೆ ಅಂತ ಅಲ್ಲಿ ಕಾಣತ್ತೆ. 1934ರಲ್ಲಿ ಕಮಿಂಗ್ಸ್ ಪಿಸ್ತೂಲನ್ನ ನಿಷೇಧ ಮಾಡೋಕೆ ಹೊರಟಿರಲಿಲ್ಲ, ಆದ್ರೆ ತರ್ಕದ ಜಾಡು ಅದೇ.

ತೆರಿಗೆ ಯಾಕೆ ಅಂತಾನೂ ಕೇಳಿ

ಇದನ್ನ ಜನ ಬೇಗ ದಾಟಿಬಿಡ್ತಾರೆ, ಆದ್ರೆ ಇವತ್ತಿನ ಜಗಳ ಪೂರ್ತಿ ಇಲ್ಲೇ ಇದೆ. ಅಮೆರಿಕದಲ್ಲಿ ಅಪರಾಧ ತಡೆಯೋ ಪೊಲೀಸ್ ಅಧಿಕಾರ ಮೂಲತಃ ರಾಜ್ಯಗಳದ್ದು, ಇಂಥ ಗನ್ ಇಟ್ಕೊಬೇಡಿ ಅಂತ ಕೇಂದ್ರ ಸರ್ಕಾರ ನೇರವಾಗಿ ಹೇಳ್ಬಹುದಾ ಅನ್ನೋದು 1934ರಲ್ಲಿ ಅನುಮಾನ ಇತ್ತು. ತೆರಿಗೆ ಹಾಕೋ ಅಧಿಕಾರ ಮಾತ್ರ ಸಂವಿಧಾನದಲ್ಲೇ ಇತ್ತು. 1914ರ ಹ್ಯಾರಿಸನ್ ಕಾಯ್ದೆಯಲ್ಲಿ ಅಫೀಮು, ಕೊಕೇನ್ ಹಿಡಿತಕ್ಕೆ ತಂದಿದ್ದೂ ತೆರಿಗೆ ದಾರಿಯಿಂದಾನೇ. ಹಾಗಾಗಿ ಇಲ್ಲೂ ಅದೇ ದಾರಿ: ಗನ್ ಮಾಡಿದ್ರೆ, ಕೈ ಬದಲಾಯಿಸಿದ್ರೆ 200 ಡಾಲರ್ ತೆರಿಗೆ, ತೆರಿಗೆ ಕಟ್ಟಿದ್ದಕ್ಕೆ ರಿಜಿಸ್ಟ್ರೇಷನ್, ಕಟ್ಟದಿದ್ರೆ ಶಿಕ್ಷೆ. ಆಗ ಒಂದು ಥಾಮ್ಸನ್ ಗನ್ನಿನ ಬೆಲೆಯೇ ಹೆಚ್ಚುಕಮ್ಮಿ 200 ಡಾಲರ್ ಇತ್ತು, ಇವತ್ತಿನ ಲೆಕ್ಕದಲ್ಲಿ ಆ 200 ಡಾಲರ್ 4,000 ಡಾಲರಿಗೂ ಮೇಲೆ. ತೆರಿಗೆ ಅನ್ನೋದು ಹೆಸರು, ಉದ್ದೇಶ ತಡೆಯೋದು. 1937ರ ಸೊಂಜಿನ್ಸ್ಕಿ ಕೇಸಲ್ಲಿ ಸುಪ್ರೀಂ ಕೋರ್ಟ್ ಇದು ತೆರಿಗೆಯೇ, ನಡೆಯತ್ತೆ ಅಂತು. ಆ 200 ಅನ್ನೋ ಅಂಕಿಯನ್ನ ಮುಂದೆ 90 ವರ್ಷ ಯಾರೂ ಮುಟ್ಟಲಿಲ್ಲ, ಹಣದುಬ್ಬರ ಅದನ್ನ ತಿಂದು ತಿಂದು ಕೊನೆಗೆ ಅದು ತಡೆ ಆಗಿ ಉಳಿಯದೆ ಬರೀ ಫೀಸ್ ಆಗೋಯ್ತು. 2021ರ ಹೊತ್ತಿಗೆ ರಿಜಿಸ್ಟರ್ ಆಗಿದ್ದ ಶಾರ್ಟ್ ಬ್ಯಾರೆಲ್ ರೈಫಲ್‌ಗಳೇ 5 ಲಕ್ಷಕ್ಕೂ ಹೆಚ್ಚು.

ಕೋರ್ಟ್ ತೀರ್ಪುಗಳನ್ನ ಈ ಕ್ರಮದಲ್ಲಿ ಓದಿ

ಮೊದಲು 1939ರ ಮಿಲ್ಲರ್. ಜ್ಯಾಕ್ ಮಿಲ್ಲರ್, ಫ್ರ್ಯಾಂಕ್ ಲೇಟನ್ ಅನ್ನೋ ಇಬ್ಬರು 18 ಇಂಚಿಗಿಂತ ಗಿಡ್ಡ ನಳಿಗೆಯ ಜೋಡಿ ನಳಿಗೆ ಶಾಟ್‌ಗನ್ನನ್ನ ಓಕ್ಲಹೋಮದ ಕ್ಲೇರ್‌ಮೋರ್‌ನಿಂದ ಅರ್ಕನ್ಸಾದ ಸೈಲಮ್ ಸ್ಪ್ರಿಂಗ್ಸ್‌ಗೆ ಸಾಗಿಸಿದ್ರು ಅಂತ ಕೇಸು. ಕೆಳಗಿನ ಕೋರ್ಟ್ ಇದು ಎರಡನೇ ತಿದ್ದುಪಡಿಯ (ಆಯುಧ ಇಟ್ಕೊಳ್ಳೋ ಹಕ್ಕಿನ ಬಗ್ಗೆ ಸಂವಿಧಾನದಲ್ಲಿರೋ ಭಾಗ) ಉಲ್ಲಂಘನೆ ಅಂತ ಕೇಸ್ ವಜಾ ಮಾಡ್ತು, ಸರ್ಕಾರ ನೇರ ಸುಪ್ರೀಂ ಕೋರ್ಟಿಗೆ ಹೋಯ್ತು. ಅಲ್ಲಿ ಇವರ ಪರ ವಾದ ಮಾಡೋಕೆ ವಕೀಲರೇ ಬರಲಿಲ್ಲ, ತೀರ್ಪು ಬರೋ ಮುಂಚೇನೇ ಮಿಲ್ಲರ್ ಕೊಲೆಯಾಗಿದ್ದ. ಗಿಡ್ಡ ಶಾಟ್‌ಗನ್‌ಗೂ ಮಿಲಿಷಿಯಾ (ಸಾಮಾನ್ಯ ಜನರ ಪಡೆ) ದಕ್ಷತೆಗೂ ಸಂಬಂಧ ಇದೆ ಅಂತ ತೋರಿಸೋ ಸಾಕ್ಷ್ಯ ನಮ್ಮ ಮುಂದೆ ಇಲ್ಲ, ಆದ್ದರಿಂದ ಇದಕ್ಕೆ ರಕ್ಷಣೆ ಇದೆ ಅನ್ನೋಕಾಗಲ್ಲ ಅಂತ ಕೋರ್ಟ್ ಹೇಳ್ತು. ಒಂದು ಪಕ್ಷದ ಮಾತು ಮಾತ್ರ ಕೇಳಿ ಬಂದ ತೀರ್ಪು 70 ವರ್ಷ ಈ ವಿಷಯದ ಬುನಾದಿ ಆಗಿ ನಿಂತಿದ್ದು ನನಗೆ ಇವತ್ತಿಗೂ ಬೇಸರ ತರೋ ಸಂಗತಿ, ಫಲಿತಾಂಶ ಸರಿಯಿರಲಿ ತಪ್ಪಿರಲಿ, ಇನ್ನೊಂದು ಕಡೆಯವ್ರ ವಾದ ಕೇಳ್ಬೇಕಿತ್ತು.

ಆಮೇಲೆ 1968ರ ಹೇನ್ಸ್. ಕಾನೂನುಬಾಹಿರ ಗನ್ ಇಟ್ಕೊಂಡಿರೋನು ಬಂದು ರಿಜಿಸ್ಟರ್ ಮಾಡ್ಸಿದ್ರೆ ತನ್ನ ಮೇಲೆ ತಾನೇ ಸಾಕ್ಷಿ ಹೇಳಿದ ಹಾಗೆ ಆಗತ್ತಲ್ಲ ಅಂತ ಕೋರ್ಟ್ ಅವನ ಪರ ನಿಂತ್ಕೊಳ್ತು. ಅದೇ ವರ್ಷ ಕಾಂಗ್ರೆಸ್ ಕಾನೂನು ತಿದ್ದಿ, ರಿಜಿಸ್ಟ್ರೇಷನ್ ಮಾಹಿತಿಯನ್ನ ಹಳೇ ಅಪರಾಧಕ್ಕೆ ಬಳಸೋ ಹಾಗಿಲ್ಲ ಅಂತ ಸೇರಿಸಿ, ಒಂದು ತಿಂಗಳ ಅವಕಾಶ ಕೊಟ್ಟು, ಬಾಗಿಲು ಮುಚ್ತು. ಅದರ ಪರಿಣಾಮ ಇವತ್ತಿಗೂ ಇದೆ, ಕೆಳಗೆ ಹೇಳ್ತೀನಿ.

2008ರ ಹೆಲ್ಲರ್ ತೀರ್ಪು ಮನೆಯಲ್ಲಿ ಪಿಸ್ತೂಲು ಇಟ್ಕೊಳ್ಳೋದು ವ್ಯಕ್ತಿಯ ಹಕ್ಕು ಅಂತು. ಅದೇ ತೀರ್ಪಲ್ಲಿ ಮಿಲ್ಲರ್‌ನ ಹೊಸದಾಗಿ ಓದಿ, ಕಾನೂನು ಪಾಲಿಸೋ ಜನ ಸಾಮಾನ್ಯವಾಗಿ ಸರಿಯಾದ ಉದ್ದೇಶಕ್ಕೆ ಇಟ್ಕೊಳ್ಳದ ಆಯುಧಕ್ಕೆ ರಕ್ಷಣೆ ಇಲ್ಲ ಅಂತ ಹೇಳಿ, ಉದಾಹರಣೆಯಾಗಿ ಹೆಸರಿಸಿದ್ದು ಗಿಡ್ಡ ನಳಿಗೆ ಶಾಟ್‌ಗನ್ನನ್ನೇ. ಇಲ್ಲಿ ಗಮನ ಇಟ್ಟು ಓದಿ, ಶಾಟ್‌ಗನ್ ಅಂತ ಇದೆ, ರೈಫಲ್ ಅಂತ ಇಲ್ಲ. ಈ ಕಾನೂನನ್ನ ವಿರೋಧಿಸೋರು ಹಿಡ್ಕೊಂಡಿರೋದು ಇದನ್ನೇ: 5 ಲಕ್ಷಕ್ಕೂ ಹೆಚ್ಚು ರಿಜಿಸ್ಟರ್ ಆಗಿರೋ ವಸ್ತು ಅಸಾಮಾನ್ಯ ಹೇಗಾಗತ್ತೆ ಅಂತ.

ಗೆರೆ ಎಲ್ಲಿ ಮಸುಕಾಗತ್ತೆ ಅಂತ ನೋಡಿ

ಗೆರೆ ಎಷ್ಟು ಗಟ್ಟಿ ಅಂತ ಗೊತ್ತಾಗೋದು ಅದರ ಅಂಚಲ್ಲಿ. 1934ರಲ್ಲಿ ರೈಫಲ್‌ಗೂ 18 ಇಂಚೇ ಇತ್ತು ಅಂದ್ನಲ್ಲ, 1936ರಲ್ಲಿ ಚಿಕ್ಕ .22 ರೈಫಲ್‌ಗಳಿಗೆ 16ಕ್ಕೆ ಇಳಿಸಿದ್ರು, 1960ರಲ್ಲಿ ಎಲ್ಲಾ ರೈಫಲ್‌ಗೂ 16 ಮಾಡಿದ್ರು. ಎರಡನೇ ಮಹಾಯುದ್ಧದ ಎಂ1 ಕಾರ್ಬೈನ್ ಅನ್ನೋ ಸೇನೆಯ ರೈಫಲ್‌ನ ನಳಿಗೆ 18 ಇಂಚಿಗಿಂತ ಕೂದಲೆಳೆಯಷ್ಟು ಕಮ್ಮಿ, ಸರ್ಕಾರಾನೇ ಮಿಗುತಾಯ ಕಾರ್ಬೈನ್‌ಗಳನ್ನ ಜನಕ್ಕೆ ಮಾರ್ತಿತ್ತು. ಅಂದ್ರೆ 16, 18 ಅನ್ನೋ ಅಂಕಿಗಳು ಲ್ಯಾಬಲ್ಲಿ ಪರೀಕ್ಷೆ ಮಾಡಿ ಬಂದಿದ್ದಲ್ಲ, ಚೌಕಾಸಿಯಲ್ಲಿ ಬಂದಿದ್ದು. ಎಲ್ಲಾ ಗೆರೆಗಳೂ ಒಂದಷ್ಟು ಹೀಗೇನೇ, ವಾಹನದ ವೇಗದ ಮಿತಿಯೂ ಅಷ್ಟೇ. ಆದ್ರೆ ವೇಗ ಮೀರಿದ್ರೆ ದಂಡ, ಇಲ್ಲಿ ಮೀರಿದ್ರೆ 10 ವರ್ಷ.

1992ರ ಥಾಂಪ್ಸನ್ ಸೆಂಟರ್ ಕೇಸಲ್ಲಿ ಒಂದು ಪಿಸ್ತೂಲು ಮತ್ತು ಅದನ್ನ ರೈಫಲ್ ಮಾಡೋ ಬಟ್, 21 ಇಂಚು ನಳಿಗೆ ಇರೋ ಕಿಟ್ ಒಟ್ಟಿಗೆ ಮಾರಿದ್ರು. ಬಟ್ ಹಾಕಿ ಗಿಡ್ಡ ನಳಿಗೆಯನ್ನೇ ಬಿಟ್ರೆ ಅದು ಶಾರ್ಟ್ ಬ್ಯಾರೆಲ್ ರೈಫಲ್ ಆಗತ್ತಲ್ಲ, ಹಾಗಾದ್ರೆ ಡಬ್ಬಿಯಲ್ಲಿ ಬಿಡಿಯಾಗಿ ಇದ್ದಾಗಲೂ ಹಾಗೇನಾ? ಕಾನೂನು ಅಸ್ಪಷ್ಟ ಇದ್ದಾಗ ಅದರ ಲಾಭ ಪ್ರಜೆಗೆ ಹೋಗ್ಬೇಕು ಅಂತ ಸುಪ್ರೀಂ ಕೋರ್ಟ್ ಕಂಪನಿ ಪರ ತೀರ್ಪು ಕೊಡ್ತು. 2023ರಲ್ಲಿ ಇದೇ ಜಗಳ ಇನ್ನೊಂದು ರೂಪದಲ್ಲಿ ಬಂತು: ಮುಂಗೈಗೆ ಕಟ್ಕೊಳ್ಳೋ ಆಸರೆ ಅಂತ ಮಾರ್ತಿದ್ದ ಬ್ರೇಸ್‌ಗಳನ್ನ ಜನ ಹೆಗಲಿಗೆ ಒತ್ತಿ ಹೊಡೀತಿದ್ದಾರೆ, ಹಾಗಾಗಿ ಅಂಥ ಎಷ್ಟೋ ಪಿಸ್ತೂಲುಗಳು ಶಾರ್ಟ್ ಬ್ಯಾರೆಲ್ ರೈಫಲ್ಲೇ ಅಂತ ಎಟಿಎಫ್ ನಿಯಮ ತಂತು. ನಿನ್ನೆ ತನಕ ಕಾನೂನುಬದ್ಧ ಅಂತ ಇಟ್ಕೊಂಡಿದ್ದ ವಸ್ತು ಲಕ್ಷಾಂತರ ಜನರನ್ನ ಅಪರಾಧಿ ಮಾಡೋ ಪರಿಸ್ಥಿತಿ, 2024ರ ಜೂನಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟ್ ಆ ನಿಯಮ ರದ್ದು ಮಾಡ್ತು.

ರೂಬಿ ರಿಡ್ಜ್ ಅನ್ನೋ ಜಾಗದಲ್ಲಿ ನಡೆದಿದ್ದರ ಬಗ್ಗೆ ಬರೆಯದೆ ಮುಂದೆ ಹೋಗೋಕೆ ಮನಸ್ಸು ಬರಲ್ಲ. 1989ರಲ್ಲಿ ರ್ಯಾಂಡಿ ವೀವರ್ ಅನ್ನೋನು ಎಟಿಎಫ್ ಮಾಹಿತಿದಾರನಿಗೆ ನಳಿಗೆ ಕೊಯ್ದ ಎರಡು ಶಾಟ್‌ಗನ್ ಮಾರಿದ ಅಂತ ಕೇಸಾಯ್ತು. ವಿಚಾರಣೆ ದಿನಾಂಕದ ಬಗ್ಗೆ ಅವನಿಗೆ ಹೋದ ಪತ್ರದಲ್ಲಿ ತಪ್ಪು ತಾರೀಖಿತ್ತು, ಅವನು ಕೋರ್ಟಿಗೆ ಬರಲಿಲ್ಲ, 1992ರ ಆಗಸ್ಟಲ್ಲಿ ಐಡಹೋದ ಅವನ ಮನೆ ಸುತ್ತ ಮುತ್ತಿಗೆ ಬಿತ್ತು. ಅವನ 14 ವರ್ಷದ ಮಗ, ಹೆಂಡತಿ, ಒಬ್ಬ ಡೆಪ್ಯುಟಿ ಮಾರ್ಷಲ್ (ಫೆಡರಲ್ ಪೊಲೀಸ್ ಅಧಿಕಾರಿ) ಸತ್ರು. ಮರುವರ್ಷ ಜ್ಯೂರಿ ಆ ಗನ್ ಆರೋಪದಿಂದ ಅವನನ್ನ ಬಿಡುಗಡೆ ಮಾಡ್ತು. ಆ ಮನುಷ್ಯನ ಜನಾಂಗೀಯ ವಿಚಾರಗಳು ನನಗೆ ಅಸಹ್ಯ, ಅದನ್ನ ಮುಚ್ಚಿಡಲ್ಲ, ಆದ್ರೂ ಕೆಲವು ಇಂಚು ನಳಿಗೆಯಿಂದ ಶುರುವಾದ ಕೇಸು ಮೂರು ಹೆಣದಲ್ಲಿ ಮುಗೀತು. ಗೆರೆಯ ತರ್ಕ ಸರಿಯಿದ್ರೂ ಅದನ್ನ ಜಾರಿ ಮಾಡೋ ರೀತಿಯನ್ನ ಬೇರೆಯಾಗೇ ಅಳೀಬೇಕು.

ನಿಮ್ಮ ಸುತ್ತ ಇಂಥದ್ದು ಎದುರಾದ್ರೆ

ಅಲ್ಲಿ ವಾಸ ಇರೋರು ಒಂದೆರಡು ವಿಷಯ ತಿಳ್ಕೊಂಡಿರಬೇಕು. ಹಳೇ ಮನೆ ತಗೊಂಡಾಗಲೋ, ಹಿರಿಯರ ಪೆಟ್ಟಿಗೆ ತೆಗೆದಾಗಲೋ ರಿಜಿಸ್ಟರ್ ಆಗದ, ಕೊಯ್ದ ಶಾಟ್‌ಗನ್ ಸಿಕ್ಕಿದ್ರೆ ಈಗ ರಿಜಿಸ್ಟರ್ ಮಾಡಿಸ್ತೀನಿ ಅಂದ್ರೆ ಆಗಲ್ಲ, ಆ ಅವಕಾಶ 1968ರ ನವೆಂಬರ್ 2ರಿಂದ ಡಿಸೆಂಬರ್ 1ರ ತನಕ ಇತ್ತು, ಮುಗೀತು. ಅದನ್ನ ಕಾರಲ್ಲಿ ಹಾಕ್ಕೊಂಡು ಸ್ಟೇಷನ್ನಿಗೆ ಹೊರಡಬೇಡಿ, ಮೊದಲು ವಕೀಲರಿಗೆ ಫೋನ್ ಮಾಡಿ, ಅವರ ಮೂಲಕ ಒಪ್ಪಿಸಿ. ರಿಜಿಸ್ಟರ್ ಆಗಿರೋದಾದ್ರೂ ಬೇರೆ ರಾಜ್ಯಕ್ಕೆ ತಗೊಂಡು ಹೋಗೋಕೆ ಎಟಿಎಫ್ ಅನುಮತಿ ಮುಂಚೇನೇ ಬೇಕು. ಬಟ್ ಇರೋ ರೈಫಲ್ ಜೊತೆ ಅದಕ್ಕೆ ಮಾತ್ರ ಹೊಂದೋ ಗಿಡ್ಡ ನಳಿಗೆಯನ್ನ ಬೇರೆ ಯಾವ ಉಪಯೋಗವೂ ಇಲ್ಲದೆ ಮನೇಲಿ ಇಟ್ಕೊಂಡ್ರೆ ಜೋಡಿಸದೆ ಇದ್ರೂ ಕೇಸ್ ಆಗ್ಬಹುದು.

ಇವತ್ತಿನ ಸ್ಥಿತಿಗೆ ಬಂದ್ರೆ

ನನ್ನ ತೀರ್ಮಾನ ಕೇಳಿದ್ರೆ, ಕೊಯ್ದ ಶಾಟ್‌ಗನ್ ಮೇಲಿನ ಗೆರೆಗೆ ಬುಡ ಗಟ್ಟಿ ಇದೆ, ಬಚ್ಚಿಡೋದು, ಶಕ್ತಿ, ಉದ್ದೇಶ ಮೂರೂ ಅಲ್ಲಿ ಸೇರ್ತವೆ. ಗಿಡ್ಡ ರೈಫಲ್ ಮೇಲಿನ ಗೆರೆ ನಿಂತಿರೋದು ಪಿಸ್ತೂಲಿನ ಬೇಲಿಗೆ ಆತುಕೊಂಡು, ಆ ಬೇಲಿ ಬಿದ್ದು 90 ವರ್ಷ ಆಯ್ತು. ಹಾಗಂತ ಅದನ್ನ ಕಿತ್ತುಹಾಕಿದ್ರೆ ಎಲ್ಲಾ ಸರಿ ಹೋಗತ್ತೆ ಅನ್ನೋರ ಮಾತಿಗೂ ನಾನಿಲ್ಲ, ಮೂಲ ಪ್ರಶ್ನೆ ಬಚ್ಚಿಡೋ ಆಯುಧ ಯಾರ ಕೈಲಿರಬೇಕು ಅನ್ನೋದು, ಅದಕ್ಕೆ 1934ರಲ್ಲಿ ಉತ್ತರ ಕೊಡದೆ ಬಿಟ್ರು, ಇವತ್ತೂ ಕೊಟ್ಟಿಲ್ಲ.

2025ರ ಜುಲೈ 4ರಂದು ಸಹಿಯಾದ ಬಜೆಟ್ ಕಾನೂನು ಶಾರ್ಟ್ ಬ್ಯಾರೆಲ್ ರೈಫಲ್, ಶಾಟ್‌ಗನ್, ಸೈಲೆನ್ಸರ್‌ಗಳ ಮೇಲಿನ 200 ಡಾಲರ್ ತೆರಿಗೆಯನ್ನ 2026ರ ಜನವರಿ 1ರಿಂದ ಸೊನ್ನೆ ಮಾಡ್ತು, ಮಷಿನ್ ಗನ್, ಬಾಂಬಿನಂಥ ಸ್ಫೋಟಕ ಆಯುಧಗಳಿಗೆ ಮಾತ್ರ ಹಾಗೇ ಬಿಡ್ತು. ರಿಜಿಸ್ಟ್ರೇಷನ್, ಬೆರಳಚ್ಚು, ಒಪ್ಪಿಗೆ, 10 ವರ್ಷದ ಶಿಕ್ಷೆ ಯಾವುದೂ ಹೋಗಿಲ್ಲ. ಸೊಂಜಿನ್ಸ್ಕಿ ತೀರ್ಪು ನಿಂತಿದ್ದು ಇದು ತೆರಿಗೆ ಅನ್ನೋದರ ಮೇಲೆ, ಈಗ ತೆರಿಗೆ ಸೊನ್ನೆ ಆದ್ರೆ ತೆರಿಗೆಗೋಸ್ಕರ ಇದ್ದ ರಿಜಿಸ್ಟ್ರೇಷನ್ ಯಾವ ಅಧಿಕಾರದ ಮೇಲೆ ನಿಲ್ಲತ್ತೆ ಅಂತ ಹೊಸ ಕೇಸುಗಳು ಕೋರ್ಟಲ್ಲಿವೆ. ಆ ತೀರ್ಪುಗಳು ಬಂದಾಗ ಮೊದಲ ಪುಟದಲ್ಲಿ ಒಂದನ್ನ ಹುಡುಕಿ: ನ್ಯಾಯಾಧೀಶರು ತೆರಿಗೆ ಅಧಿಕಾರದ ಬಗ್ಗೆ ಮಾತಾಡ್ತಿದ್ದಾರಾ, ರಾಜ್ಯಗಳ ನಡುವಿನ ವ್ಯಾಪಾರ ನಿಯಂತ್ರಿಸೋ ಅಧಿಕಾರದ ಬಗ್ಗೆನಾ, ಇಲ್ಲಾ ಎರಡನೇ ತಿದ್ದುಪಡಿ ಬಗ್ಗೆನಾ. ಮೂರಕ್ಕೂ ಉತ್ತರ ಬೇರೆ ಬೇರೆ ಬರಬಹುದು, ಒಂದರಲ್ಲಿ ಸರ್ಕಾರ ಸೋತು ಇನ್ನೊಂದರಲ್ಲಿ ಗೆದ್ರೆ 16 ಇಂಚಿನ ಗೆರೆ ಇದ್ದಲ್ಲೇ ಇರತ್ತೆ.